ಲಾಕ್‌ಹಾರ್ಟ್‌ನಲ್ಲಿ ಊಟ, ಶೈನರ್‌ನಲ್ಲಿ ಬಿಯರ್

ಊರಿಂದ ಯಾರಾದರೂ ಅಮೆರಿಕದ ಟೆಕ್ಸಾಸ್‌ನಲ್ಲಿರುವ ಆಸ್ಟಿನ್‌ಗೆ ಬಂದರೆ ನಾನು ತಪ್ಪದೆ ಕರೆದುಕೊಂಡು ಹೋಗುವ ದಾರಿ ಇದು. ಕಳೆದ ತಿಂಗಳು ಸಕಲೇಶಪುರದಿಂದ ಬಂದಿದ್ದ ಭಾವನ ಜೊತೆ ಮೂರನೇ ಸಲ ಹೋಗಿ ಬಂದೆ. ಒಂದೇ ದಿನದಲ್ಲಿ ಆರಾಮಾಗಿ ಮುಗಿಯುತ್ತದೆ, ಆದರೆ ಬೆಳಿಗ್ಗೆ ಹೊರಡಬೇಕು.

ಲಾಕ್‌ಹಾರ್ಟ್ ಆಸ್ಟಿನ್‌ನಿಂದ ಸುಮಾರು 50 ಕಿ.ಮೀ. ಹತ್ತಿರ ತಾನೇ ಅಂತ ತಡ ಮಾಡಬೇಡಿ. ಅಲ್ಲಿ ಮಾಂಸ ಗಂಟೆಗಟ್ಟಲೆ ಓಕ್ ಸೌದೆಯ ಹೊಗೆಯಲ್ಲಿ ಬೇಯುತ್ತದೆ. ಅವತ್ತಿನದು ಖಾಲಿಯಾದರೆ ಆಯಿತು, ಹೊಸದಾಗಿ ಮಾಡಿಕೊಡುವುದಿಲ್ಲ. ಮೊದಲ ಸಲ ಶನಿವಾರ ಎರಡೂವರೆಗೆ ಹೋಗಿದ್ದೆವು. ಒಂದು ಕಡೆ ಮುಕ್ಕಾಲು ಗಂಟೆ ಸಾಲಲ್ಲಿ ನಿಂತ ಮೇಲೆ ರಿಬ್ಸ್ (ಪಕ್ಕೆಲುಬಿನ ಮಾಂಸ) ಮುಗಿದಿದೆ ಅಂದರು. ಈಗ 11 ಗಂಟೆಗೆಲ್ಲ ಅಲ್ಲಿರುತ್ತೇವೆ.

ಹೀಗೆ ಹೊಗೆಯಲ್ಲಿ ಬೇಯಿಸಿದ ಮಾಂಸವೇ ಇಲ್ಲಿನ ಬಾರ್ಬೆಕ್ಯೂ. ಟೆಕ್ಸಾಸ್ ಶಾಸನಸಭೆಯೇ ಬಾರ್ಬೆಕ್ಯೂ ರಾಜಧಾನಿ ಅಂತ ಕರೆದಿರುವ ಊರು ಇದು. 1932ರಲ್ಲಿ ಶುರುವಾದ ಬ್ಲ್ಯಾಕ್ಸ್ ಅನ್ನುವ ಹೋಟೆಲ್ ಇದೆ, 1900ರಲ್ಲಿ ಮಾಂಸದ ಅಂಗಡಿಯಾಗಿ ಶುರುವಾದ ಕ್ರೈಟ್ಸ್ ಮಾರ್ಕೆಟ್ ಇದೆ. ನನಗೆ ಇಷ್ಟ ಸ್ಮಿಟ್ಟೀಸ್. ಅದು ಕ್ರೈಟ್ಸ್‌ನ ಹಳೇ ಕಟ್ಟಡ. ಮಾಲೀಕರ ಮನೆಯವರಲ್ಲಿ ಭಿನ್ನಾಭಿಪ್ರಾಯ ಬಂದು 1999ರಲ್ಲಿ ಕ್ರೈಟ್ಸ್ ಹೊಸ ಜಾಗಕ್ಕೆ ಹೋದಾಗ, ಹಳೇ ಒಲೆಯ ಕೆಂಡವನ್ನೇ ತೊಟ್ಟಿಯಲ್ಲಿ ಹಾಕಿ ರಸ್ತೆಯುದ್ದಕ್ಕೂ ಎಳೆದುಕೊಂಡು ಹೋದರಂತೆ. ಸ್ಮಿಟ್ಟೀಸ್‌ನಲ್ಲಿ ಸಾಲು ನಿಲ್ಲುವ ಜಾಗದಲ್ಲೇ ನೆಲದ ಮೇಲೆ ಬೆಂಕಿ ಉರಿಯುತ್ತಿರುತ್ತದೆ. ಗೋಡೆ ಪೂರ್ತಿ ಮಸಿ. ಭಾವ ಒಳಗೆ ಕಾಲಿಟ್ಟವರೇ "ನಮ್ಮಜ್ಜಿ ಅಡುಗೆಮನೆ ವಾಸನೆ ಕಣೋ" ಅಂದರು. ಬಟ್ಟೆಗೆ ಹೊಗೆ ಹಿಡಿಯುತ್ತದೆ, ಹಳೇ ಶರ್ಟ್ ಹಾಕಿಕೊಳ್ಳಿ.

ಮಾಂಸ ತೂಕದ ಲೆಕ್ಕದಲ್ಲಿ ಕೊಡುತ್ತಾರೆ, ಕಾಗದದ ಮೇಲೆ. ಒಬ್ಬರಿಗೆ ಅರ್ಧ ಪೌಂಡ್, ಅಂದರೆ ಕಾಲು ಕೆ.ಜಿ.ಗಿಂತ ಸ್ವಲ್ಪ ಕಡಿಮೆ, ಧಾರಾಳ ಸಾಕು. ಕೈಯಲ್ಲೇ ತಿನ್ನುವುದು ವಾಡಿಕೆ. ಉಪ್ಪು, ಮೆಣಸು, ಹೊಗೆ ಬಿಟ್ಟರೆ ಮಸಾಲೆ ಹೆಚ್ಚೇನಿಲ್ಲ. ಸಾಸ್ ಕೇಳದೆ ಮೊದಲು ಹಾಗೇ ತಿಂದು ನೋಡಿ.

ಇಲ್ಲಿ ಹೆಸರುವಾಸಿಯಾದ ಬ್ರಿಸ್ಕೆಟ್ ದನದ ಎದೆಭಾಗದ ಮಾಂಸ. ಭಾವ ತಿನ್ನುವುದಿಲ್ಲ, ಹಂದಿ ರಿಬ್ಸ್ ತಿಂದರು. ಸಾಸೇಜ್‌ನಲ್ಲಿ ಸಾಮಾನ್ಯವಾಗಿ ದನದ ಮಾಂಸ ಸೇರಿರುತ್ತದೆ, ಬೀನ್ಸ್‌ನಲ್ಲಿ ಹಂದಿ ಇರಬಹುದು. ನಾಚಿಕೊಳ್ಳದೆ ಕೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸಸ್ಯಾಹಾರಿಗಳು ಜೊತೆಗಿದ್ದರೆ ಚಿತ್ರಾನ್ನವೋ ಚಪಾತಿಯೋ ಬುತ್ತಿ ಕಟ್ಟಿಕೊಳ್ಳಿ. ಬರೀ ಆಲೂಗಡ್ಡೆ ಸಲಾಡ್ ತಿಂದು ದಿನ ಕಳೆಯುವುದು ಕಷ್ಟ ಅಲ್ವಾ?

ಅಲ್ಲಿಂದ ಲೂಲಿಂಗ್, ಗೊನ್ಸಾಲೆಸ್ ದಾಟಿ ಶೈನರ್‌ಗೆ ಸುಮಾರು ಒಂದು ಗಂಟೆ. ದಾರಿಯಲ್ಲಿ ಹುಲ್ಲುಗಾವಲು, ಎಣ್ಣೆ ಎತ್ತುವ ಪಂಪುಗಳು.

ಶೈನರ್ ಎರಡು ಸಾವಿರ ಜನರ ಊರು. ಚೆಕ್ ಮತ್ತು ಜರ್ಮನ್ ವಲಸಿಗರು ತಮ್ಮೂರಿನ ಬಿಯರ್ ಬೇಕು ಅಂತ 1909ರಲ್ಲಿ ಬ್ರೂವರಿ ಕಟ್ಟಿಕೊಂಡರು. ಆಮೇಲೆ ಜರ್ಮನಿಯ ಬವೇರಿಯಾದ ಕಾಸ್ಮೋಸ್ ಸ್ಪೆಟ್ಸಲ್ ಅದನ್ನು ನಡೆಸಿದರು, ಇವತ್ತಿಗೂ ಅವರ ಹೆಸರೇ ಇದೆ. ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಐಸ್ ಮಾರಿ, ಮದ್ಯಾಂಶ ಇಲ್ಲದಂಥ ಬಿಯರ್ ಮಾರಿ ಉಳಿದುಕೊಂಡಿತು. ಲಾಕ್‌ಹಾರ್ಟ್‌ನ ಮಾಂಸದ ಅಂಗಡಿಗಳ ಬೇರೂ ಇಂಥ ವಲಸಿಗರದೇ. ಅದಕ್ಕೇ ಎರಡೂ ಊರನ್ನು ಒಟ್ಟಿಗೆ ನೋಡಿ ಅಂತ ನಾನು ಹೇಳುವುದು.

ಕುಡಿಯಬೇಕಾದ್ದು ಇಲ್ಲಿನ ಶೈನರ್ ಬಾಕ್ ಅನ್ನುವ ಬಿಯರ್. ಬಣ್ಣ ಕಡುಗೆಂಪು, ಹುರಿದ ಧಾನ್ಯದ ಸಣ್ಣ ಸಿಹಿ, ಕಹಿ ಕಡಿಮೆ. ಮದ್ಯಾಂಶ 4.4%. ಮೊದಲು ವಸಂತಕಾಲಕ್ಕಷ್ಟೇ ಮಾಡುತ್ತಿದ್ದರು, 1973ರಿಂದ ವರ್ಷಪೂರ್ತಿ ಸಿಗುತ್ತದೆ. ಬ್ರೂವರಿ ಒಳಗೆ ಸುತ್ತಾಡಿಸುವ ಸಮಯ ಬದಲಾಗುತ್ತಿರುತ್ತದೆ, ಹಿಂದಿನ ದಿನವೇ ವಿಚಾರಿಸಿ. ಊರಿಂದ ಬಂದವರು ಪಾಸ್‌ಪೋರ್ಟ್ ಮರೆಯಬಾರದು. 21 ವರ್ಷ ಆಗಿದೆ ಅನ್ನುವುದಕ್ಕೆ ಕೂದಲು ನರೆತವರಿಗೂ ಗುರುತು ಕೇಳಬಹುದು.

ಕಾರು ಓಡಿಸುವವರು ಯಾರು ಅಂತ ಮನೆಯಲ್ಲೇ ತೀರ್ಮಾನ ಮಾಡಿ. ಅವರು ಒಂದು ಗುಟುಕೂ ಕುಡಿಯಬಾರದು ಅನ್ನುವುದು ನಮ್ಮ ನಿಯಮ. ಈ ಸಲ ನಾನು. ಶೈನರ್‌ನಲ್ಲಿ ಟ್ಯಾಕ್ಸಿ ನಂಬಿಕೊಂಡು ಕೂರುವ ಹಾಗಿಲ್ಲ. ತೆರೆದ ಬಾಟಲಿ ಕಾರಿನೊಳಗೆ ಇಟ್ಟುಕೊಳ್ಳುವುದೂ ಇಲ್ಲಿ ಅಪರಾಧ.

ಆಸ್ಟಿನ್‌ಗೆ ವಾಪಸ್ ಒಂದೂವರೆ ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಕತ್ತಲಾಗುವ ಮೊದಲೇ ಹೊರಡಿ, ಮುಸ್ಸಂಜೆ ಹೊತ್ತಲ್ಲಿ ಈ ರಸ್ತೆಗಳಿಗೆ ಜಿಂಕೆಗಳು ಅಡ್ಡ ಬರುತ್ತವೆ.