ಯಾರಿಗೆ ಒಳ್ಳೆಯದಾಯಿತು?

ದಕ್ಷಿಣ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯಿಂದ ಮರಳಿ ಬಂದು ನಾಲ್ಕೈದು ದಿನಗಳಾದರೂ, ಅಲ್ಲಿನ ಹಿರಿಯರೊಬ್ಬರು ಕೇಳಿದ ಒಂದೇ ಪದದ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮುಚ್ಚಿಹೋದ ರೈಲು ಮಾರ್ಗದ ಮೇಲೆ ಮಾಡಿದ ರೀಸ್ಲಿಂಗ್ ಟ್ರೇಲ್ ಎಂಬ ಜಲ್ಲಿ ಹಾದಿಯಲ್ಲಿ ನಾನೂ ಗೆಳೆಯನೂ ಸೈಕಲ್ ತುಳಿಯುತ್ತ ವಾಟರ್‌ವೇಲ್ ದಾಟಿ ಪೆನ್‌ವರ್ದಮ್ ಕಡೆಗೆ ಸಾಗುತ್ತಿದ್ದೆವು. ನೀರು ಕುಡಿಯಲೆಂದು ನಿಂತಾಗ, ನಾಯಿಯನ್ನು ನಡೆಸಿಕೊಂಡು ಬರುತ್ತಿದ್ದ ಆ ಹಿರಿಯರೊಡನೆ ಮಾತು ಬೆಳೆಯಿತು. ಮಾತಿನ ಭರದಲ್ಲಿ ನನ್ನ ಗೆಳೆಯ, "ರೈಲು ನಿಂತದ್ದೇ ಒಳ್ಳೆಯದಾಯಿತು, ಅಲ್ಲವೇ?" ಎಂದ. ಹಿರಿಯರು ನಾಯಿಯ ಪಟ್ಟಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, ನಗುತ್ತಲೇ, "ಯಾರಿಗೆ?" ಎಂದು ಕೇಳಿದರು.

ಗೆಳೆಯನ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ಅವನು ಒಳ್ಳೆಯವನೇ, ಆದರೆ ಜಲ್ಲಿ ಹಾದಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ಲನ್ನು ಹೊಸದಾಗಿ ಕೊಂಡವರನ್ನು ಆವರಿಸುವ ಪ್ರಚಾರಕನ ಹುರುಪು ಅವನನ್ನೂ ಬಿಟ್ಟಿಲ್ಲ. 40 ಮಿಲಿಮೀಟರ್ ಅಗಲದ ಟೈರಿಗೆ ಎಷ್ಟು ಗಾಳಿ ತುಂಬಿದರೆ ಜಲ್ಲಿಯ ಮೇಲೆ ಹಿಡಿತ ಚೆನ್ನಾಗಿರುತ್ತದೆ ಎಂಬುದನ್ನು ಬಾಡಿಗೆ ಸೈಕಲ್ ತುಳಿಯುತ್ತಿದ್ದ ನನಗೆ ಅವನು ಆಬರ್ನ್‌ನಿಂದಲೇ ವಿವರಿಸುತ್ತ ಬಂದಿದ್ದ. ಅಷ್ಟು ವಿದ್ಯೆ ಬೇಡುವ ಹಾದಿ ಅದಲ್ಲ. ಒತ್ತಿ ಗಟ್ಟಿ ಮಾಡಿದ ಸಣ್ಣ ಜಲ್ಲಿ, ತಿರುವುಗಳ ಅಂಚಿನಲ್ಲಿ ಮಾತ್ರ ಒಂದಷ್ಟು ಸಡಿಲ ಕಲ್ಲು, ಮಿಕ್ಕಂತೆ ಮಕ್ಕಳೂ ತುಳಿಯಬಹುದಾದ ನೆಲ. ಉಗಿಬಂಡಿ ಹತ್ತಲು ಅನುಕೂಲವಾಗುವಂತೆ ಕಡಿದ ದಾರಿಯಾದ್ದರಿಂದ ಏರು ಎಂಬುದು ಕಣ್ಣಿಗೆ ಕಾಣುವುದೇ ಇಲ್ಲ. ಉಸಿರು ತುಸು ಬಿಸಿಯಾದಾಗಷ್ಟೇ ಗೊತ್ತಾಗುತ್ತದೆ. ಆಬರ್ನ್‌ನಿಂದ ಹೊರಟು ಲೀಸಿಂಗ್‌ಹ್ಯಾಮ್, ವಾಟರ್‌ವೇಲ್, ಪೆನ್‌ವರ್ದಮ್, ಸೆವೆನ್‌ಹಿಲ್‌ಗಳನ್ನು ಹಾದು ಕ್ಲೇರ್ ಪಟ್ಟಣದ ಆಚೆಗೂ ಚಾಚಿರುವ ಈ 30 ಕಿಲೋಮೀಟರಿಗೂ ಹೆಚ್ಚಿನ ಹಾದಿಯಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ.

ಆ ಒಂದು ಸಂಗತಿ ಮೈಯಲ್ಲಿ ಏನೆಲ್ಲ ಮಾಡುತ್ತದೆಂದು ನಾನು ಊಹಿಸಿರಲಿಲ್ಲ. ರಸ್ತೆಯಲ್ಲಿ ಸೈಕಲ್ ತುಳಿಯುವವರ ಕಣ್ಣು ಮುಂದಿದ್ದರೂ ಕಿವಿ ಸದಾ ಹಿಂದಿರುತ್ತದೆ. ಬರುತ್ತಿರುವುದು ಕಾರೋ ಲಾರಿಯೋ, ಅದು ನಮ್ಮನ್ನು ಕಂಡಿದೆಯೋ ಇಲ್ಲವೋ, ಎಷ್ಟು ಜಾಗ ಬಿಟ್ಟು ಹೋದೀತು ಎಂಬ ಲೆಕ್ಕಾಚಾರ ನಮಗೇ ತಿಳಿಯದಂತೆ ಒಳಗೆ ನಡೆಯುತ್ತಲೇ ಇರುತ್ತದೆ. ಇಲ್ಲಿ ಹೊರಟು ಅರ್ಧ ಗಂಟೆಯಾದರೂ ನನ್ನ ಭುಜಗಳು ಬಿಗಿದುಕೊಂಡೇ ಇದ್ದವು. ಲೀಸಿಂಗ್‌ಹ್ಯಾಮ್ ಹತ್ತಿರವಾಗುವ ಹೊತ್ತಿಗೆ ಅವು ತಾವಾಗಿಯೇ ಇಳಿದವು. ಆಮೇಲೆ ಕೇಳಿಸಿದ್ದು ಚಕ್ರದಡಿಯ ಜಲ್ಲಿಯ ಸದ್ದು, ನೀಲಗಿರಿ ಮರಗಳಲ್ಲಿ ಕೂಗುವ ಮ್ಯಾಗ್‌ಪೈಗಳು, ಎಲ್ಲೋ ತೋಟದಲ್ಲಿ ಯಾರೋ ತಂತಿ ಬಿಗಿಯುತ್ತಿದ್ದ ಕಿರುಗುಟ್ಟುವಿಕೆ.

ಏಪ್ರಿಲ್ ತಿಂಗಳೆಂದರೆ ಅಲ್ಲಿ ಕೊಯ್ಲಿನ ಕೊನೆ. ಬೇಗ ಹಣ್ಣಾಗುವ ರೀಸ್ಲಿಂಗ್ ದ್ರಾಕ್ಷಿಯ ಸಾಲುಗಳು ಬರಿದಾಗಿ, ಎಲೆಗಳ ಅಂಚು ಹಳದಿಗೆ ತಿರುಗಿತ್ತು. ವಾಟರ್‌ವೇಲ್‌ನ ಸುತ್ತ ಸುಣ್ಣಕಲ್ಲಿನ ಮೇಲೆ ಕೆಂಪು ಮಣ್ಣು ಹರಡಿದೆ. ಉತ್ತ ಕಡೆ ಆ ಕೆಂಪಿನ ನಡುವೆ ಬಿಳಿಯ ಚೂರುಗಳು ಮೇಲೆದ್ದು ಕಾಣುತ್ತವೆ. ಬೇಲಿಯ ಪಕ್ಕದ ಒಂದು ಬಳ್ಳಿಯಲ್ಲಿ ಕೊಯ್ಯುವವರ ಕೈಗೆ ತಪ್ಪಿದ ಗೊಂಚಲೊಂದು ಒಣದ್ರಾಕ್ಷಿಯಾಗಿ ಸುಕ್ಕುಗಟ್ಟಿ ನೇತಾಡುತ್ತಿತ್ತು, ಅದರ ಮೇಲೆ ಜೇನುನೊಣವೊಂದು ಸಾವಕಾಶವಾಗಿ ಓಡಾಡುತ್ತಿತ್ತು. ಕಾರಿನಿಂದ ಇಂಥದ್ದು ಕಾಣುವುದಿಲ್ಲ. ನಡೆದು ಹೋದರೆ ಕಾಣುತ್ತದೆ, ಆದರೆ ಐದು ಊರು ದಾಟಲಾಗುವುದಿಲ್ಲ. ಈ ವೇಗಕ್ಕೆ ನಾನು ಮರುಳಾಗಿದ್ದೆ. ಗೆಳೆಯನೂ ಅದೇ ಗುಂಗಿನಲ್ಲಿ ಆ ಮಾತಾಡಿದ್ದು.

"ಯಾರಿಗೆ?" ಎಂದವರು ನಮಗೆ ಉಪದೇಶ ಮಾಡಲಿಲ್ಲ. 1983ರ ಫೆಬ್ರವರಿ 16ರಂದು ತಾವು ಎಲ್ಲಿದ್ದೆವು ಎಂಬುದನ್ನಷ್ಟೇ ಹೇಳಿದರು. ಆಸ್ಟ್ರೇಲಿಯಾದವರು ಇಂದಿಗೂ ಆ್ಯಶ್ ವೆನ್ಸ್‌ಡೇ ಎಂದು ಕರೆಯುವ ಆ ದಿನದ ಕಾಳ್ಗಿಚ್ಚಿಗೆ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾಗಳಲ್ಲಿ ಒಟ್ಟು 75 ಜನ ಬಲಿಯಾದರು. ಕ್ಲೇರ್ ಕಣಿವೆಯಲ್ಲೂ ಬೆಂಕಿ ಹಬ್ಬಿತು. 1918ರಲ್ಲಿ ಕ್ಲೇರ್ ತಲುಪಿದ್ದ ರೈಲು ಮಾರ್ಗ ಆ ಬೆಂಕಿಯಲ್ಲಿ ಹಾಳಾಯಿತು, ಮುಂದೆ ಮುಚ್ಚಿಯೇ ಹೋಯಿತು. ಹಳಿಗಳನ್ನು ಕಿತ್ತ ಮೇಲೆ ಊರಿನವರೂ ವೈನ್ ತಯಾರಕರೂ ಆಸಕ್ತಿ ವಹಿಸಿದ್ದರಿಂದ ಅದು ಸೈಕಲ್ ಹಾದಿಯಾಯಿತು. ನಾವು ಬೆಳಿಗ್ಗೆ ಹೊರಟ ಆಬರ್ನ್‌ನ ಹಳೆಯ ರೈಲು ನಿಲ್ದಾಣದಲ್ಲಿ ಈಗ ವೈನ್ ರುಚಿ ನೋಡಲು ಕೊಡುತ್ತಾರೆ. "ಆ ದಿನ ಮಧ್ಯಾಹ್ನ ದೀಪ ಹಚ್ಚಿಕೊಂಡಿದ್ದೆವು" ಎಂದರು ಹಿರಿಯರು. ನಂತರ ಎಡಗಡೆಗೆ ಕೈ ತೋರಿಸಿ, "ಮೊದಲು ರೈಲಿನಲ್ಲಿ ಹೋಗುತ್ತಿದ್ದುದೆಲ್ಲ ಈಗ ಅಲ್ಲಿ ಹೋಗುತ್ತದೆ, ನನ್ನ ಮನೆ ಇರುವುದು ಅದರ ಪಕ್ಕದಲ್ಲಿ" ಎಂದು ಹೇಳಿ, ನಾಯಿ ಎಳೆದ ಕಡೆಗೆ ಹೊರಟುಬಿಟ್ಟರು.

ಅವರು ತೋರಿಸಿದ್ದು ಹಾರಕ್ಸ್ ಹೆದ್ದಾರಿಯನ್ನು. ಪೆನ್‌ವರ್ದಮ್ ಊರನ್ನು ಕಟ್ಟಿದ ಜಾನ್ ಹಾರಕ್ಸ್ ಎಂಬ ಅನ್ವೇಷಕನ ಹೆಸರು ಅದಕ್ಕೆ. (ಈ ಮಹಾನುಭಾವ 1846ರಲ್ಲಿ ಸತ್ತದ್ದು ತನ್ನದೇ ಒಂಟೆಯ ದೆಸೆಯಿಂದ: ಬಂದೂಕಿಗೆ ಮದ್ದು ತುಂಬುತ್ತಿದ್ದಾಗ ಒಂಟೆ ಮೈ ಅಲುಗಿಸಿತು, ಗುಂಡು ಹಾರಿತು. ಅವನ ಸಮಾಧಿ ಪೆನ್‌ವರ್ದಮ್‌ನಲ್ಲೇ ಇದೆ. ಸಾರಿಗೆ ಸಾಧನಗಳನ್ನು ಅತಿಯಾಗಿ ನಂಬಬಾರದೆನ್ನಲು ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಸಿಕ್ಕಿಲ್ಲ.) ಹೆದ್ದಾರಿಯೂ ಸೈಕಲ್ ಹಾದಿಯೂ ಅಕ್ಕಪಕ್ಕದ ಊರುಗಳನ್ನೇ ಪೋಣಿಸುತ್ತ ಹೋಗುತ್ತವೆ. ಹಿರಿಯರು ಹೇಳಿದ ಮೇಲೆ ನಾನು ಕಿವಿಗೊಟ್ಟೆ. ಗಾಳಿ ಆ ಕಡೆಯಿಂದ ಬೀಸಿದಾಗಲೆಲ್ಲ ಲಾರಿಗಳ ಗೇರು ಬದಲಾಗುವ ಸದ್ದು ಕ್ಷೀಣವಾಗಿ ಕೇಳಿಸುತ್ತಿತ್ತು. ಅದು ಬೆಳಗಿನಿಂದಲೂ ಕೇಳಿಸುತ್ತಿದ್ದಿರಬೇಕು.

ವಾಹನಗಳಿಲ್ಲದ ಹಾದಿ ಎಂದು ನಾವು ಸಂಭ್ರಮಿಸಿದ್ದು, ಲೆಕ್ಕ ಹಾಕಿ ನೋಡಿದರೆ, ವಾಹನಗಳನ್ನೆಲ್ಲ ಪಕ್ಕದ ರಸ್ತೆಗೆ ದೂಡಿದ ಹಾದಿಯನ್ನು. ಈ ಲೆಕ್ಕದಲ್ಲಿ ನಮ್ಮ ಬಾಬತ್ತೂ ಇದೆ. ಅಡಿಲೇಡ್‌ನಿಂದ ಒಂದೂವರೆ ಗಂಟೆ ಕಾರು ಓಡಿಸಿಕೊಂಡು, ಸೈಕಲ್ಲನ್ನು ಅದರ ಹಿಂಬದಿಗೆ ಬಿಗಿದುಕೊಂಡು ನಾವು ಬಂದದ್ದೂ ಹೆದ್ದಾರಿಯಲ್ಲೇ. ಕ್ಲೇರ್‌ಗೆ ಬರಲು ಈಗ ರೈಲಿಲ್ಲವಲ್ಲ. ದಟ್ಟಣೆಯಿಲ್ಲದ ಅರ್ಧ ದಿನಕ್ಕಾಗಿ ಯಾರದೋ ಮನೆಯ ಮುಂದಿನ ದಟ್ಟಣೆಗೆ ಒಂದು ಕಾರನ್ನು ಸೇರಿಸಿದೆವು. ಹಾಗೆಂದು ಆ ಹಾದಿಯ ಸುಖ ಸುಳ್ಳೆಂದು ನಾನು ಹೇಳಲಾರೆ. ಸೆವೆನ್‌ಹಿಲ್‌ನಲ್ಲಿ ಜೆಸ್ಯೂಟ್ ಪಾದ್ರಿಗಳು 1851ರಲ್ಲಿ ಪೂಜೆಯ ವೈನಿಗಾಗಿ ಆರಂಭಿಸಿದ ತೋಟದ ಸಮೀಪ ಹಾದುಹೋಗುವಾಗ, ಹಿಂದೆ ತಿರುಗಿ ನೋಡುವ ಅಗತ್ಯವೇ ಇಲ್ಲದೆ ಇಬ್ಬರೂ ಜೋಡಿಯಾಗಿ ಮಾತಾಡುತ್ತ ತುಳಿದೆವು. ರಸ್ತೆಯಲ್ಲಿ ನಮಗೆ ಎಂದೂ ದಕ್ಕದ ಭಾಗ್ಯ ಅದು. ಆದರೆ "ಒಳ್ಳೆಯದಾಯಿತು" ಎಂದು ಘೋಷಿಸುವ ಹಕ್ಕು ಅರ್ಧ ದಿನಕ್ಕೆ ಬಂದುಹೋಗುವವರಿಗೆ ಇದೆಯೇ ಎಂಬುದು ಬೇರೆ ಮಾತು.

ಮರಳುವಾಗ ಕಾರಿನಲ್ಲಿ ಗೆಳೆಯ ವಾದಕ್ಕಿಳಿದ. ಹಾಗಾದರೆ ಹಾದಿಯನ್ನು ಅಗೆದು ಮತ್ತೆ ಹಳಿ ಹಾಕಬೇಕೇ, ರೈಲು ಬೆಂಕಿಯಲ್ಲಿ ಹೋದದ್ದಕ್ಕೆ ಸೈಕಲ್ ತುಳಿಯುವವರು ಹೊಣೆಯೇ, ಆ ಮನುಷ್ಯನೂ ದಿನವೂ ನಾಯಿಯೊಡನೆ ನಡೆಯುವುದು ಅದೇ ಹಾದಿಯಲ್ಲಲ್ಲವೇ ಎಂದೆಲ್ಲ ಕೇಳಿದ. ಮೂರೂ ಸರಿಯಾದ ಪ್ರಶ್ನೆಗಳೇ, ಅದರಲ್ಲೂ ಮೂರನೆಯದು. ಹಿರಿಯರು ಹಾದಿಯನ್ನು ದೂರಿರಲಿಲ್ಲ. ಅವರು ಕೇಳಿದ್ದು ಲಾಭದ ಪಾಲು ಯಾರ್ಯಾರಿಗೆ ಎಂದು. ಇದನ್ನು ನಾನು ಹೇಳುವಷ್ಟರಲ್ಲಿ ಎದುರಿನಿಂದ ಎರಡು ಟ್ರೇಲರ್‌ಗಳ ಲಾರಿಯೊಂದು ನುಗ್ಗಿ ಬಂದು, ಅದರ ಗಾಳಿಗೆ ನಮ್ಮ ಕಾರು ಒಂದು ಬಾರಿ ಅದುರಿತು, ಗೆಳೆಯ ಸ್ಟೀರಿಂಗ್ ಹಿಡಿದುಕೊಂಡು ಲಾರಿಯವನನ್ನು ಬೈದ.

ನಿನ್ನೆ ಅವನು ಮುಂದಿನ ಯೋಜನೆ ಕಳಿಸಿದ್ದಾನೆ. ಆಬರ್ನ್‌ನಿಂದ ದಕ್ಷಿಣಕ್ಕೆ ರಿವರ್ಟನ್‌ವರೆಗೆ, ಅದೇ ಹಳೆಯ ರೈಲು ಮಾರ್ಗದ ಮೇಲೆ, ರ್‍ಯಾಟ್ಲರ್ ಟ್ರೇಲ್ ಎಂಬ 19 ಕಿಲೋಮೀಟರ್ ಹಾದಿಯಿದೆ. ಬರುತ್ತೇನೆ ಎಂದು ಉತ್ತರಿಸಿದ್ದೇನೆ. ದಾರಿಯಲ್ಲಿ ಸಿಕ್ಕವರೊಡನೆ ರೈಲಿನ ವಿಷಯ ಎತ್ತುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದಾನೆ. ಅವನ ಸ್ವಭಾವ ಬಲ್ಲ ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ, ಮತ್ತು ನಿಜ ಹೇಳುವುದಾದರೆ, ಎತ್ತಲಿ ಎಂದೇ ನನ್ನ ಆಸೆ.