ಎಸ್.ಪಿ. ರೋಡಿನಲ್ಲಿ ಬೆಲೆಯ ಲೆಕ್ಕ

ಶಿವಮೊಗ್ಗದಿಂದ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದೆವು. ಎಂಜಿನಿಯರಿಂಗ್ ಸೇರಿರುವ ಅಕ್ಕನ ಮಗನಿಗೆ ಲ್ಯಾಪ್‌ಟಾಪ್ ಬೇಕಿತ್ತು. ಹಸಿರು ಮಾರ್ಗದ ಮೆಟ್ರೊದಲ್ಲಿ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅವೆನ್ಯೂ ರಸ್ತೆಯ ಗಿಜಿಗಿಜಿ ದಾಟಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲು, ಎಸ್.ಪಿ. ರೋಡ್. ರೆಸಿಸ್ಟರ್, ಐಸಿ, ವೈರಿನ ಸುರುಳಿ, ಹಳೆಯ ಮದರ್‌ಬೋರ್ಡು! ಹುಡುಗನನ್ನು ಅಲ್ಲಿಂದ ಎಳೆದುಕೊಂಡು ಹೋಗುವುದೇ ಕಷ್ಟವಾಯಿತು.

ಅಂಗಡಿಯಲ್ಲಿ ಅವನದು ಒಂದೇ ಪ್ರಶ್ನೆ: "ಮಾವ, ಐಫೋನ್ 16 ಬಂದಾಗ ಅಮೆರಿಕದಲ್ಲಿ 799 ಡಾಲರ್, ಇಲ್ಲಿ 79,900 ರೂಪಾಯಿ. ನಮಗೇ ಯಾಕೆ ಜಾಸ್ತಿ?"

ಅಂಗಡಿಯವರು ಕ್ಯಾಲ್ಕುಲೇಟರ್ ಮುಂದಿಟ್ಟರು. "ಅಲ್ಲಿ ಹೇಳೋ ಬೆಲೇಲಿ ತೆರಿಗೆ ಇರಲ್ಲ ಸಾರ್, ನಮ್ಮ ಎಂಆರ್‌ಪಿಲಿ ಸೇರಿರುತ್ತೆ." 79,900ರಿಂದ ಶೇ 18ರ ಜಿಎಸ್‌ಟಿ ಬಿಡಿಸಿದರೆ ಸುಮಾರು 67,700. ಆಗ ಡಾಲರಿಗೆ 84 ರೂಪಾಯಿ ಆಸುಪಾಸು. 799 ಡಾಲರ್ ಅಂದರೆ 67,100. ವ್ಯತ್ಯಾಸ ಆರುನೂರು ರೂಪಾಯಿ ಅಷ್ಟೇ!

16 ಪ್ರೊಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಬಂದಾಗ ಅಲ್ಲಿ 999 ಡಾಲರ್, ಇಲ್ಲಿ 1,19,900. ಜಿಎಸ್‌ಟಿ ಕಳೆದ ಮೇಲೂ ಹದಿನೇಳು ಸಾವಿರಕ್ಕಿಂತ ಹೆಚ್ಚು ವ್ಯತ್ಯಾಸ ಉಳಿಯುತ್ತದೆ. ಹೊರಗಿನಿಂದ ಬರುವ ಸಿದ್ಧ ಫೋನಿಗೆ 2018ರಿಂದ ಶೇ 20ರಷ್ಟಿದ್ದ ಆಮದು ಸುಂಕ 2024ರ ಜುಲೈ ಬಜೆಟ್‌ನಲ್ಲಿ 15ಕ್ಕೆ ಇಳಿಯಿತು. ಎಲ್ಲವನ್ನೂ ಸುಂಕದ ತಲೆಗೆ ಕಟ್ಟುವುದು ಸರಿಯಲ್ಲ. ಯಾವ ದೇಶದವರು ಎಷ್ಟು ಕೊಟ್ಟಾರು ಎಂದು ನೋಡಿಯೇ ಕಂಪನಿಗಳು ಬೆಲೆ ಕಟ್ಟುತ್ತವೆ. ರೂಪಾಯಿ ಕುಸಿದೀತೆಂಬ ಅಂಜಿಕೆಯೂ ಅದರಲ್ಲಿ ಸೇರಿರುತ್ತದೆ.

ದುಬೈನಿಂದ ತರಿಸಿದರೆ ಅಗ್ಗ, ಅಲ್ಲಿ ವ್ಯಾಟ್ ಶೇ 5 ಮಾತ್ರ ಎಂದ ಹುಡುಗ. ಕೆಟ್ಟರೆ ಇಲ್ಲಿ ವಾರಂಟಿ ಸಿಗದಿರಬಹುದು, ಅದನ್ನೂ ನೋಡಬೇಕಲ್ಲ ಎಂದೆ.

ಕೊನೆಗೆ ಲ್ಯಾಪ್‌ಟಾಪ್ ಕೊಂಡೆವು. ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸಹಿ ಹಾಕಿರುವುದರಿಂದ ಲ್ಯಾಪ್‌ಟಾಪಿಗೆ ಮೂಲ ಆಮದು ಸುಂಕ ಸೊನ್ನೆ. ಬಿಲ್ ನೋಡಿದರೆ ಮಾತ್ರ ಸರಕಿಗೆ 50,000, ಜಿಎಸ್‌ಟಿ ಎಂದು ಕೇಂದ್ರಕ್ಕೆ 4,500, ರಾಜ್ಯಕ್ಕೆ 4,500. ಅಮೆರಿಕದ ಒರೆಗಾನ್‌ನಂಥ ರಾಜ್ಯದಲ್ಲಿ ಮಾರಾಟ ತೆರಿಗೆಯೇ ಇಲ್ಲ.

ತೆರಿಗೆ ಬೇಡ ಅನ್ನುವವನಲ್ಲ ನಾನು. ಆದರೆ ಇದೇ ಲ್ಯಾಪ್‌ಟಾಪನ್ನು ಜಿಎಸ್‌ಟಿ ನೋಂದಣಿ ಇರುವ ಕಂಪನಿ ತನ್ನ ವ್ಯವಹಾರಕ್ಕೆ ಕೊಂಡರೆ, ಆ ಒಂಬತ್ತು ಸಾವಿರವನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಸಾಮಾನ್ಯವಾಗಿ ವಜಾ ಮಾಡಿಕೊಳ್ಳಬಹುದು. ಓದುವ ಹುಡುಗನಿಗೆ ಆ ದಾರಿಯಿಲ್ಲ, ಅಷ್ಟೂ ಅವನ ಅಪ್ಪನ ಜೇಬಿನಿಂದಲೇ ಹೋಗಬೇಕು. ಕಾಲೇಜು ಸೇರುವಾಗ ಕೊಳ್ಳುವ ಮೊದಲ ಲ್ಯಾಪ್‌ಟಾಪಿಗಾದರೂ ಈ ತೆರಿಗೆಯನ್ನು ಸರ್ಕಾರ ಬಿಡಬೇಕು.