“ನಾನು ಎಳೆದ್ರೂ ತೊಂಬತ್ತೇ ಬರುತ್ತಾ?”

ಈ ವಾರ ಪೂರ್ತಿ ಈ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಕೇಳಿದವನು ಒಂಬತ್ತನೇ ತರಗತಿಯ ಹುಡುಗ. ಕೊನೆ ಬೆಂಚು. ಹಾಜರಿ ಕೂಗಿದಾಗ ಬಿಟ್ಟರೆ ಅವನ ದನಿ ಕೇಳುವುದೇ ಅಪರೂಪ. ದಡ್ಡ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಟಾಫ್‌ರೂಮಿನಲ್ಲಿ ಅವನನ್ನು ಹಾಗೆ ಕರೆಯುವವರಿದ್ದಾರೆ, ನನಗದು ಸರಿಬರುವುದಿಲ್ಲ.

ಅವತ್ತು ವೃತ್ತಗಳ ಪಾಠ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಅನ್ನುವುದನ್ನು ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರ್‌ನಲ್ಲಿ ತೋರಿಸುತ್ತಿದ್ದೆ. ಒಂದು ವೃತ್ತ, ಅದರ ವ್ಯಾಸ ಎಬಿ, ವೃತ್ತದ ಮೇಲೆ ಸಿ ಅಂತ ಒಂದು ಬಿಂದು. ಮೌಸ್‌ನಲ್ಲಿ ಸಿ ಹಿಡಿದು ಎಳೆದರೆ ತ್ರಿಭುಜ ಉದ್ದ ಆಗುತ್ತದೆ, ಗಿಡ್ಡ ಆಗುತ್ತದೆ, ಒಂದು ಕಡೆ ವಾಲುತ್ತದೆ, ಆದರೆ ಸಿ ಹತ್ತಿರದ ಕೋನ ಮಾತ್ರ 90 ಬಿಟ್ಟು ಕದಲುವುದಿಲ್ಲ. ಇದನ್ನು ಬೋರ್ಡಿನ ಮೇಲೆ ಕೈವಾರ ಹಿಡಿದು ಬರೆದು ತೋರಿಸಲು ಅರ್ಧ ಪೀರಿಯಡ್ ಬೇಕು. ಅಷ್ಟು ಮಾಡಿದರೂ ಮಕ್ಕಳಿಗೆ ಸಿಗುವುದು ಮೂರೋ ನಾಲ್ಕೋ ತ್ರಿಭುಜ. ಪರದೆಯಲ್ಲಿ ಲೆಕ್ಕವಿಲ್ಲದಷ್ಟು ಸಿಗುತ್ತವೆ. ಅದಕ್ಕೇ ನನಗೆ ಜಿಯೋಜೀಬ್ರಾ ಅಂದರೆ ಇಷ್ಟ. 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೊಹೆನ್‌ವಾರ್ಟರ್ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶುರುಮಾಡಿದ್ದು ಇದು. ಪಾಠಕ್ಕೆ ಬಳಸಲು ದುಡ್ಡು ಕೊಡಬೇಕಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಕೂಡ ಬೇಡ. ನಮ್ಮಂಥ ಶಾಲೆಗೆ ಇದಕ್ಕಿಂತ ಇನ್ನೇನು ಬೇಕು?

ನಾನು ಎಳೆಯುತ್ತಿದ್ದೆ, ಮಕ್ಕಳು “ತೊಂಬತ್ತು, ತೊಂಬತ್ತು” ಅನ್ನುತ್ತಿದ್ದರು. ಆಗ ಹಿಂದಿನಿಂದ ಬಂತು ಪ್ರಶ್ನೆ. “ಮೇಡಂ, ನಾನು ಎಳೆದ್ರೂ ತೊಂಬತ್ತೇ ಬರುತ್ತಾ?”

ಕೆಲವರು ನಕ್ಕರು. ಅವನು ತಮಾಷೆಗೆ ಕೇಳಿರಲಿಲ್ಲ. ನಿಜವಾದ ಅನುಮಾನ ಅದು. ಟೀಚರ್ ಎಳೆದರೆ ಬರುತ್ತದೆ ಸರಿ, ಅವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತು, ನನ್ನ ಕೈಗೂ ಹಾಗೇ ಬರುತ್ತಾ ಅಂತ. ಗಣಿತ ಯಾರ ಕೈಗಾದರೂ ಒಂದೇ ಉತ್ತರ ಕೊಡುತ್ತದೆ ಅನ್ನುವುದು ನಮಗೆ ಎಷ್ಟು ಅಭ್ಯಾಸ ಆಗಿಬಿಟ್ಟಿದೆ ಅಂದರೆ, ಆ ಮಾತನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳುವುದೇ ಇಲ್ಲ.

“ಬಾ, ಎಳೆದು ನೋಡು” ಅಂದೆ.

ಬಂದ. ಮೌಸ್ ಹಿಡಿಯುವ ಕೈ ಸ್ವಲ್ಪ ನಡುಗುತ್ತಿತ್ತು. ನಿಧಾನಕ್ಕೆ ಎಳೆದ, 90. ಎಡಕ್ಕೆ ತಂದ, 90. ಬಲಕ್ಕೆ ಹೋದ, 90. ಅಲ್ಲಿಗೇ ನಿಲ್ಲಿಸಲಿಲ್ಲ. ಬಿ ಬಿಂದುವನ್ನೂ ದಾಟಿಸಿ ವ್ಯಾಸದ ಕೆಳಗಡೆಗೆ ಇಳಿಸಿಬಿಟ್ಟ. ಪರದೆ ಮೇಲೆ 270 ಅಂತ ಬಂತು.

ತರಗತಿ ಹೋ ಅಂತ ಕೂಗಿತು. ಅವನು ಮೌಸ್ ಬಿಟ್ಟು ಹಿಂದೆ ಸರಿದ. “ನಾನೇನೂ ಮಾಡಿಲ್ಲ ಮೇಡಂ” ಅಂದ. ಆ ಮುಖ ನೋಡಿ ಸಂಕಟ ಆಯಿತು. ಮುಟ್ಟಿದ್ದು ಕೆಟ್ಟರೆ ಬೈಗುಳ ಗ್ಯಾರಂಟಿ ಅಂತ ಎಷ್ಟು ಚಿಕ್ಕ ವಯಸ್ಸಿಗೇ ಕಲಿತುಬಿಡುತ್ತಾರೆ ಇವರು.

ಜಿಯೋಜೀಬ್ರಾ ಕೋನವನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಅಳೆಯುತ್ತದೆ. ಬಿಂದು ಕೆಳಗೆ ಹೋದರೆ ತ್ರಿಭುಜದ ಒಳಗಿನ ಕೋನದ ಬದಲು ಹೊರಗಿನ ದೊಡ್ಡ ಕೋನ ತೋರಿಸುತ್ತದೆ. ಸೆಟ್ಟಿಂಗ್‌ನಲ್ಲಿ 180 ದಾಟದ ಹಾಗೆ ಮಾಡಿಕೊಳ್ಳಬಹುದು. ನಾನು ಮಾಡಲಿಲ್ಲ, ಬಾಯೂ ಬಿಡಲಿಲ್ಲ. “ಮತ್ತೆ ಮೇಲೆ ತಗೊಂಡು ಹೋಗು” ಅಂದೆ. 90. “ಈಗ ಕೆಳಗೆ.” 270. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಎರಡೂ ಕೂಡಿದ್ರೆ 360. ಅದು ಹೊರಗಡೆ ಅಳೀತಾ ಇದೆ, ಒಳಗಡೆ ತೊಂಬತ್ತೇ ಇದೆ.” 180ಕ್ಕಿಂತ ದೊಡ್ಡದಾದರೆ ಸರಳಾಧಿಕ ಕೋನ ಅಂತ ಪುಸ್ತಕದಲ್ಲಿ ಉರು ಹೊಡೆದದ್ದು ಅವತ್ತು ಅವರ ಕಣ್ಣೆದುರು ಬಂದು ನಿಂತಿತ್ತು. ಕೊನೆ ಬೆಂಚಿನ ಹುಡುಗ ಅಷ್ಟು ದೂರ ಎಳೆಯದೇ ಇದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಅವತ್ತೇ ಮಧ್ಯಾಹ್ನ ಮುಖ್ಯ ಶಿಕ್ಷಕರು ಒಂದು ಹಾಳೆ ಕೊಟ್ಟರು. ದಸರಾ ರಜೆ ಮುಗಿದು ಎರಡನೇ ಅವಧಿ ಶುರುವಾಗಿದೆಯಲ್ಲ, ಈ ಅವಧಿಯಲ್ಲಿ ತರಗತಿಯಲ್ಲಿ ತಂತ್ರಜ್ಞಾನ ಬಳಕೆಗೆ ಪ್ರತಿ ಶಿಕ್ಷಕರೂ ಗುರಿ ಬರೆದುಕೊಡಬೇಕು. ಕಾಲಂಗಳಿದ್ದವು. ವಾರಕ್ಕೆ ಎಷ್ಟು ಪೀರಿಯಡ್, ಎಷ್ಟು ವಿಡಿಯೋ ತೋರಿಸುತ್ತೀರಿ, ಫೋಟೋ ದಾಖಲೆ ಇದೆಯೇ.

ಸಮಾಜ ವಿಜ್ಞಾನದ ಸರ್ ಪಕ್ಕದಲ್ಲೇ ಇದ್ದರು. “ಮೇಡಂ, ಸುಮ್ನೆ ಹೋದ ಸಲದ್ದನ್ನೇ ಬರೆದುಕೊಡಿ, ಯಾರು ನೋಡ್ತಾರೆ?” ಅಂದರು. ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಕರ್ನಾಟಕದ ನಕ್ಷೆ ಬರೆದು, ಮಕ್ಕಳನ್ನು ಕಾವೇರಿ, ಕೃಷ್ಣಾ ಅಂತ ನಡೆಸುತ್ತಾರೆ. ಅಂಥ ಪಾಠ ನಾನು ಬೇರೆಲ್ಲೂ ನೋಡಿಲ್ಲ. ಅಷ್ಟು ಒಳ್ಳೆಯ ಶಿಕ್ಷಕರಿಗೂ ಈ ಹಾಳೆ ಕಂಡರೆ ಬೇಸರ ಅಂದರೆ ತಪ್ಪು ಅವರದ್ದಲ್ಲ. ಅವರ ನಕ್ಷೆಗೆ ಅದರಲ್ಲಿ ಒಂದು ಕಾಲಂ ಇಲ್ಲ. ಯಾವುದೋ ವಿಡಿಯೋ ಹಾಕಿ ಹಿಂದೆ ಕೂತು ನೋಟ್ಸ್ ತಿದ್ದಿದರೆ ಅದಕ್ಕೆ ಕಾಲಂ ಇದೆ.

ನಾನು ಆ ಹಾಳೆಯನ್ನು ಮನೆಗೆ ತಂದೆ. ಬೆಳಗ್ಗೆ ನಡೆದದ್ದು ಮನಸ್ಸಿನಲ್ಲಿ ಇಲ್ಲದಿದ್ದರೆ ಅಲ್ಲೇ ಬರೆದುಕೊಟ್ಟು ಬರುತ್ತಿದ್ದೆನೇನೋ.

ನಮ್ಮ ಶಾಲೆಗಳಿಗೆ ತಂತ್ರಜ್ಞಾನ ಹೊಸದೇನಲ್ಲ. 2004ರಲ್ಲಿ ಪಾಠ ಪ್ರಸಾರಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಡಿಶ್ ಬಂತು, ಟಿವಿ ಬಂತು. 2017ರಲ್ಲಿ ದೀಕ್ಷಾ ಅನ್ನುವ ಆನ್‌ಲೈನ್ ಕಲಿಕಾ ವೇದಿಕೆ ಬಂದ ಮೇಲೆ ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಬಂತು. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನದಲ್ಲಿ ಪಾಠ ಬಂತು. ತಂತ್ರಜ್ಞಾನ ಬಳಸಿ ಕಲಿಸುವುದಕ್ಕೆ ಸರ್ಕಾರ ನಡೆಸಿದ ಟಾಲ್ಪ್ ತರಬೇತಿಯಲ್ಲಿ ನಾವು ಶಿಕ್ಷಕರೇ ಉಬುಂಟು ಅನ್ನುವ ಕಂಪ್ಯೂಟರ್ ವ್ಯವಸ್ಥೆ, ಜಿಯೋಜೀಬ್ರಾ ಕಲಿತೆವು. ಎಲ್ಲವೂ ಬೇಕಿತ್ತು, ಯಾವುದನ್ನೂ ನಾನು ಹಗುರ ಮಾಡುವುದಿಲ್ಲ. ಆದರೆ ಇಷ್ಟರಲ್ಲಿ ಮಗು ಏನು ಮಾಡುತ್ತಿತ್ತು ಅಂತ ಕೇಳಿಕೊಂಡರೆ, ಹೆಚ್ಚಿನ ಸಲ ಸಿಗುವ ಉತ್ತರ ಒಂದೇ: ನೋಡುತ್ತಿತ್ತು. ಇವಕ್ಕಿಂತ ಚಿಣ್ಣರ ಚುಕ್ಕಿ ರೇಡಿಯೋ ಪಾಠವೇ ಈ ವಿಷಯದಲ್ಲಿ ಮುಂದಿತ್ತು. ರೇಡಿಯೋ ಹೇಳಿದ ಹಾಗೆ ಮಕ್ಕಳು ಹಾಡುತ್ತಿದ್ದರು, ಉತ್ತರ ಕೂಗುತ್ತಿದ್ದರು.

ಬೇರೆ ಕಡೆಯೂ ಇದೇ ಕಥೆ. ಪೆರು ದೇಶದಲ್ಲಿ 10 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿದರು, ಪಾಠದ ಕ್ರಮದೊಳಗೆ ಅದನ್ನು ಸೇರಿಸಲಿಲ್ಲ, ಕಲಿಕೆ ಸುಧಾರಿಸಲಿಲ್ಲ ಅಂತ ಯುನೆಸ್ಕೋದ 2023ರ ಶಿಕ್ಷಣ ವರದಿ ಹೇಳಿದೆ. ಎಷ್ಟು ಕೊಟ್ಟೆವು ಅನ್ನುವ ಲೆಕ್ಕ ಅವರ ಹತ್ತಿರವೂ ಇತ್ತು.

ಹಾಗಾದರೆ ಏನು ಲೆಕ್ಕ ಹಾಕಬೇಕು? ಎಷ್ಟು ಮಕ್ಕಳ ಕೈ ಆ ಮೌಸ್ ಮೇಲೆ ಬಿತ್ತು ಅಂತ. ನನಗೆ ಹೊಳೆದದ್ದು ಇಷ್ಟೇ, ಮತ್ತು ಇದನ್ನೇ ಬರೆದೆ. ವಾರ್ಷಿಕ ಪರೀಕ್ಷೆಗೆ ಮುಂಚೆ ನನ್ನ ತರಗತಿಯ ಪ್ರತಿ ಮಗುವೂ ಒಂದು ಸಲವಾದರೂ ಎದುರಿಗೆ ಬಂದು ತಾನೇ ಎಳೆದು ನೋಡಬೇಕು. ಹಾಜರಿ ಪಟ್ಟಿಯ ಪಕ್ಕ ಗುರುತು ಹಾಕಿಕೊಳ್ಳುತ್ತೇನೆ.

ಇಲ್ಲಿ ಹುಡುಗಿಯರ ವಿಷಯ ಬೇರೆಯಾಗಿ ಬರೆಯಬೇಕಾಯಿತು. “ಯಾರು ಬರ್ತೀರಾ?” ಅಂದರೆ ಮೊದಲು ಓಡಿ ಬರುವುದು ಹುಡುಗರೇ. ಮನೆಯಲ್ಲೂ ಫೋನ್ ಅಣ್ಣನ ಕೈಯಲ್ಲೇ ಜಾಸ್ತಿ ಇರುತ್ತದೆ, ತಂಗಿಗೆ ಸಿಗುವುದು ಅವನು ಕೊಟ್ಟರೆ. 360 ಅಂತ ಕೂಡಿ ಹೇಳಿದ ಆ ಹುಡುಗಿ ಕೂಡ ತನ್ನ ಜಾಗದಲ್ಲೇ ನಿಂತು ಹೇಳಿದಳು, ಮೌಸ್ ಕೇಳಲಿಲ್ಲ. ಅದಕ್ಕೇ ಇನ್ನು “ಯಾರು ಬರ್ತೀರಾ” ಇಲ್ಲ, ಹೆಸರು ಹಿಡಿದು ಕರೆಯುವುದು.

ಇನ್ನೊಂದು, ಪರದೆ ಹಚ್ಚುವ ಮೊದಲು ಏನಾಗಬಹುದು ಅಂತ ಮಕ್ಕಳು ನೋಟ್‌ಬುಕ್ಕಿನಲ್ಲಿ ಊಹಿಸಿ ಬರೆಯಬೇಕು. ಊಹೆ ಇಲ್ಲದೆ ನೋಡಿದರೆ 270 ಬಂದಾಗ ಯಾರಿಗೂ ಆಶ್ಚರ್ಯ ಆಗುವುದಿಲ್ಲ.

ಕರೆಂಟ್ ಹೋದರೆ? ನಮ್ಮ ಕಡೆ ಹೋಗಿಯೇ ಹೋಗುತ್ತದೆ. ಅದಕ್ಕೂ ಒಂದು ಸಾಲು ಬರೆದೆ: ಪರದೆಯ ಪ್ರತಿ ಪಾಠಕ್ಕೂ ಪರದೆ ಇಲ್ಲದ ಜೋಡಿ ಇರಬೇಕು. ಈ ಪಾಠಕ್ಕಂತೂ ಬಿಸಿಯೂಟದ ತಟ್ಟೆ ಸಾಕು. ತಟ್ಟೆಯನ್ನು ಹಾಳೆ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆಯಬೇಕು. ನೋಟ್‌ಬುಕ್ಕಿನ ಮೂಲೆಯನ್ನು ಆ ವೃತ್ತದ ಗೆರೆ ಮೇಲೆ ಇಟ್ಟು, ಎರಡು ಅಂಚೂ ವೃತ್ತವನ್ನು ಮತ್ತೆ ಎಲ್ಲಿ ಮುಟ್ಟುತ್ತವೋ ಅಲ್ಲಿ ಚುಕ್ಕಿ ಇಡಬೇಕು. ಚುಕ್ಕಿ ಸೇರಿಸಿದರೆ ಅದೇ ವ್ಯಾಸ. ಮೂಲೆಯನ್ನು ಬೇರೆ ಕಡೆ ಇಟ್ಟು ಇನ್ನೊಂದು ವ್ಯಾಸ ಎಳೆದರೆ, ಎರಡೂ ಕತ್ತರಿಸುವ ಜಾಗ ವೃತ್ತದ ಕೇಂದ್ರ. ಕೈವಾರದ ಮುಳ್ಳಿನ ಗುರುತೇ ಇಲ್ಲದ ವೃತ್ತಕ್ಕೆ ಕೇಂದ್ರ ಹುಡುಕುವುದು ಅಂದರೆ ಮಕ್ಕಳಿಗೆ ಭಾರಿ ಖುಷಿ.

ಮುಖ್ಯ ಶಿಕ್ಷಕರಿಗೆ ಹಾಳೆ ಕೊಟ್ಟಾಗ ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಒಳ್ಳೆಯ ಮನುಷ್ಯ. ಮೇಲಿನಿಂದ ಬರುವ ಪ್ರತಿ ಫೋನಿಗೂ ಉತ್ತರ ಕೊಡಬೇಕಾದವರು ಅವರೇ. ಅದನ್ನು ಮರೆತು ಮಾತಾಡುವುದು ಸುಲಭ.

“ಇದು ವಿಡಿಯೋ ಎಷ್ಟು ಅಂತ ಸಂಖ್ಯೆ ಕೇಳ್ತಿದೆಯಲ್ಲ ಮೇಡಂ?” ಅಂದರು.

“ಮಕ್ಕಳು ಎಷ್ಟು ಅನ್ನೋದೂ ಸಂಖ್ಯೇನೇ ಅಲ್ವಾ ಸರ್” ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ವಿಡಿಯೋ ಕಾಲಂನಲ್ಲಿ ಒಂದು ಅಂಕಿ ಹಾಕಿಸಿಕೊಂಡರು, ನಾನು ಬರೆದದ್ದನ್ನು ಹೊಡೆದು ಹಾಕಲಿಲ್ಲ, ಹಿಂದುಗಡೆ ಪಿನ್ ಮಾಡಿ ಇಟ್ಟರು. ನನಗೆ ಅಷ್ಟು ಸಾಕು. ಮುಂದಿನ ವಾರ ಚಕ್ರೀಯ ಚತುರ್ಭುಜ, ಅಂದರೆ ನಾಲ್ಕೂ ಮೂಲೆ ಒಂದೇ ವೃತ್ತದ ಮೇಲಿರುವ ಚತುರ್ಭುಜ. ಹುಡುಗಿಯರ ಸಾಲಿನಿಂದ ಶುರು ಮಾಡುತ್ತೇನೆ. ಸಮಾಜ ವಿಜ್ಞಾನದ ಸರ್ ಕೂಡ ಒಂದು ಪೀರಿಯಡ್ ಬಂದು ಕೂರುತ್ತೇನೆ ಅಂದಿದ್ದಾರೆ.